ಶಂಕುಸ್ಥಾಪನೆ ಕಲ್ಲಿನಲ್ಲಿ ಎಲ್ಲರ ಹೆಸರಿದೆ, ಪರಿಣಾಮಕ್ಕೆ ಉತ್ತರಿಸುವವರ ಹೆಸರು ಎಲ್ಲಿದೆ?

ನರಸಾಪುರ ಹೋಬಳಿ ರೈತ:

ವೇದಿಕೆಯ ಎಲ್ಲರಿಗೂ ನಮಸ್ಕಾರ. ಬಹಳ ದಿನಗಳಿಂದ ಮನಸ್ಸಿನಲ್ಲಿರುವ ವಿಷಯವೊಂದನ್ನು ಚರ್ಚೆಗೆ ಇಡುತ್ತಿದ್ದೇನೆ. ನಮ್ಮ ಜಿಲ್ಲೆಯ ಯಾವ ದೊಡ್ಡ ಸರ್ಕಾರಿ ಕಾಮಗಾರಿಯ ಜಾಗಕ್ಕೆ ಹೋದರೂ ಶಂಕುಸ್ಥಾಪನೆ ನೆರವೇರಿಸಿದವರು, ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಘನ ಉಪಸ್ಥಿತಿ ಎಂದು ಸಾಲುಸಾಲಾಗಿ ಹೆಸರು ಕೆತ್ತಿದ ಕಲ್ಲು ಕಾಣುತ್ತದೆ. ಅದೇ ಕಾಮಗಾರಿಯಿಂದ ಊರಿಗೆ ಕೆಡುಕಾದರೆ ಯಾರು ಉತ್ತರ ಕೊಡಬೇಕು ಎಂಬುದು ಆ ಕಲ್ಲಿನಲ್ಲಿ ಇರುವುದಿಲ್ಲ, ಕಡತದಲ್ಲಿಯೂ ಇರುವುದಿಲ್ಲ.

ನಮಗೆಲ್ಲ ಗೊತ್ತಿರುವ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯನ್ನೇ ನೋಡೋಣ. ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ, ದಿನಕ್ಕೆ 440 ದಶಲಕ್ಷ ಲೀಟರಿನಂತೆ ಕೋಲಾರ ಜಿಲ್ಲೆಯ ಮತ್ತು ಚಿಂತಾಮಣಿ ಭಾಗದ 126 ಕೆರೆಗಳಿಗೆ ಹರಿಸುವುದು ಇದರ ಗುರಿ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು. ಜುಲೈನಲ್ಲಿ ನೊರೆ ಕಾಣಿಸಿತು, ನೀರು ನಿಂತಿತು, ವಿಷಯ ಹೈಕೋರ್ಟಿಗೆ ಹೋಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿ, ಏಪ್ರಿಲ್‌ನಲ್ಲಿ ತೆರವು ಮಾಡಿತು. ಅಂದಿನಿಂದ ಕೆರೆಗಳು ಒಂದಾದ ಮೇಲೊಂದು ತುಂಬಿವೆ. ನಾನು ಯೋಜನೆಯ ವಿರೋಧಿಯಲ್ಲ. ಬತ್ತಿಹೋಗಿದ್ದ ನಮ್ಮ ಕೊಳವೆಬಾವಿಯಲ್ಲಿ ಮತ್ತೆ ನೀರು ಬಂದದ್ದನ್ನು ಕಣ್ಣಾರೆ ಕಂಡವನು ನಾನು.

ನನ್ನ ಪ್ರಶ್ನೆ ಚಿಕ್ಕದು. ಕೆರೆ ತುಂಬಿದ ಮೇಲೆ ನನ್ನ ಕೊಳವೆಬಾವಿಗೆ ಬರುತ್ತಿರುವ ನೀರನ್ನು ಮನೆಯವರು ಕುಡಿಯಬಹುದೇ? ಈ ಪ್ರಶ್ನೆ ಹಿಡಿದು ನಾನು ಕೆಲವು ಕಚೇರಿಗಳಿಗೆ ಹೋದೆ. ಒಂದು ಕಡೆ, ಘಟಕದಿಂದ ಹೊರಬೀಳುವ ನೀರು ನಿಗದಿತ ಮಾನದಂಡದೊಳಗೇ ಇದೆ, ಅಲ್ಲಿಂದ ಮುಂದಿನದು ತಮಗೆ ಸಂಬಂಧಿಸಿದ್ದಲ್ಲ ಎಂದರು. ಇನ್ನೊಂದು ಕಡೆ, ನೀರನ್ನು ಪಂಪ್ ಮಾಡಿ ಕೆರೆಗೆ ತಲುಪಿಸುವುದಷ್ಟೇ ತಮ್ಮ ಕೆಲಸ ಎಂದರು. ಮತ್ತೊಂದು ಕಡೆ, ಪಂಚಾಯಿತಿ ಕೊಳವೆಬಾವಿಯಾದರೆ ಪರೀಕ್ಷಿಸಬಹುದು, ನಿಮ್ಮದು ಖಾಸಗಿ ಎಂದರು. ಕೊನೆಗೆ ಕ್ಯಾನಿನಲ್ಲಿ ನೀರು ತುಂಬಿಕೊಂಡು ಹೋಗಿ ದುಡ್ಡು ಕಟ್ಟಿ ಪರೀಕ್ಷೆ ಮಾಡಿಸಿದೆ. ಕೈಗೆ ಬಂದ ಹಾಳೆಯಲ್ಲಿ ಗಡಸುತನ, ಕ್ಲೋರೈಡ್, ನೈಟ್ರೇಟ್, ಫ್ಲೋರೈಡ್ ಎಲ್ಲ ಇದ್ದವು. ಬೆಂಗಳೂರಿನ ಕೈಗಾರಿಕೆಗಳ ನೀರು ಸೇರಿದ್ದರೆ ಮೊದಲು ನೋಡಬೇಕಾದ, ಸೀಸ, ಕ್ಯಾಡ್ಮಿಯಂನಂತಹ ಭಾರಲೋಹಗಳ ಕಾಲಂ ಮಾತ್ರ ಆ ಹಾಳೆಯಲ್ಲಿ ಇರಲೇ ಇಲ್ಲ.

ನನಗೆ ಉತ್ತರ ಕೊಟ್ಟ ಯಾರೂ ಸುಳ್ಳು ಹೇಳಲಿಲ್ಲ. ಪ್ರತಿಯೊಬ್ಬರೂ ತಮ್ಮ ವ್ಯಾಪ್ತಿಯೊಳಗಿನ ನಿಜವನ್ನೇ ಹೇಳಿದರು. ಇಷ್ಟೆಲ್ಲ ನಿಜಗಳನ್ನು ಕೂಡಿಸಿದರೂ ನನ್ನ ಪ್ರಶ್ನೆಗೆ ಉತ್ತರ ಸಿಗಲಿಲ್ಲ ಎಂಬುದೇ ನನ್ನನ್ನು ಕಾಡುತ್ತಿದೆ. ಸರ್ಕಾರಗಳು ತಮ್ಮ ನೀತಿಗಳ ಪರಿಣಾಮದಿಂದ ಹೇಗೆ ಜಾರಿಕೊಳ್ಳುತ್ತವೆ ಎಂಬುದರ ಬಗ್ಗೆ ತಿಳಿದವರು ತಿಳಿಸಬೇಕೆಂದು ಕೋರುತ್ತೇನೆ.

ಚಿಂತಾಮಣಿ ಉಪನ್ಯಾಸಕಿ:

ರೈತ ಮಿತ್ರರು ಕೇಳಿರುವ ಪ್ರಶ್ನೆಯನ್ನು ರಾಜ್ಯಶಾಸ್ತ್ರದಲ್ಲಿ ನಾಲ್ಕು ದಶಕಗಳಿಂದ ಗಂಭೀರವಾಗಿ ಅಧ್ಯಯನ ಮಾಡುತ್ತಿದ್ದಾರೆ. ಅಮೆರಿಕದ ವಿದ್ವಾಂಸ ಆರ್. ಕೆಂಟ್ ವೀವರ್ 1986ರಲ್ಲಿ ಮಂಡಿಸಿದ ವಾದದ ಸಾರ ಇಷ್ಟು: ಅಧಿಕಾರದಲ್ಲಿರುವವರಿಗೆ ಒಳ್ಳೆಯ ಹೆಸರು ಪಡೆಯುವ ಆಸೆಗಿಂತ ಕೆಟ್ಟ ಹೆಸರು ತಪ್ಪಿಸಿಕೊಳ್ಳುವ ಒತ್ತಾಯವೇ ಹೆಚ್ಚು, ಏಕೆಂದರೆ ಮತದಾರರು ತಮಗಾದ ಲಾಭವನ್ನು ಮರೆತರೂ ನಷ್ಟವನ್ನು ಮರೆಯುವುದಿಲ್ಲ. ಹಾಗಾಗಿ ನೀತಿ ರೂಪಿಸುವ ಹಂತದಲ್ಲಿಯೇ, ಮುಂದೆ ದೂರು ಬಂದರೆ ಅದು ಎಲ್ಲಿಗೆ ಹೋಗಬೇಕು ಎಂಬ ದಾರಿಯೂ ಸಿದ್ಧವಾಗುತ್ತದೆ. ಕೆಲವೊಮ್ಮೆ ನಡೆದದ್ದನ್ನು ಬೇರೆ ರೀತಿಯಲ್ಲಿ ವಿವರಿಸುತ್ತಾರೆ. ಕೆಲವೊಮ್ಮೆ ಹೊಣೆಯನ್ನು ನಿಗಮಕ್ಕೋ ಗುತ್ತಿಗೆದಾರನಿಗೋ ಕೆಳಗಿನ ಸ್ಥಳೀಯ ಸಂಸ್ಥೆಗೋ ಮೊದಲೇ ವಹಿಸಿಬಿಡುತ್ತಾರೆ. ಕೆಲವೊಮ್ಮೆ ಯಾರೂ ವಿವೇಚನೆ ಬಳಸಬೇಕಾಗದಂತಹ ನಿಯಮವೊಂದನ್ನು ಮಾಡಿ, ಆದದ್ದೆಲ್ಲ ನಿಯಮದಿಂದ ಆದದ್ದು ಎನ್ನುತ್ತಾರೆ.

ನಿಮ್ಮ ಪರೀಕ್ಷಾ ವರದಿಯಲ್ಲಿ ಕಾಲಂ ಇಲ್ಲದ ವಿಷಯ ಓದಿದಾಗ ನನಗೆ 2021 ನೆನಪಾಯಿತು. ಆ ವರ್ಷದ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆ ಉಂಟಾಗಿ, 24 ಮಂದಿ ಮೃತಪಟ್ಟ ಸುದ್ದಿ ಇಡೀ ರಾಜ್ಯವನ್ನು ನಡುಗಿಸಿತು. ಹೈಕೋರ್ಟ್ ನಿವೃತ್ತ ನ್ಯಾಯಮೂರ್ತಿಗಳ ಸಮಿತಿಯನ್ನೇ ನೇಮಿಸಬೇಕಾಯಿತು. ಅದೇ ವರ್ಷ ಜುಲೈ 20ರಂದು ರಾಜ್ಯಸಭೆಯಲ್ಲಿ ಕೇಂದ್ರ ಸರ್ಕಾರ ಕೊಟ್ಟ ಉತ್ತರದಲ್ಲಿ, ಆರೋಗ್ಯವು ರಾಜ್ಯದ ವಿಷಯ, ಆಮ್ಲಜನಕದ ಕೊರತೆಯಿಂದಲೇ ಸಾವು ಸಂಭವಿಸಿತೆಂದು ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಎಂದಿತ್ತು. ಆ ಉತ್ತರದಲ್ಲಿ ಒಂದು ಅಕ್ಷರವೂ ತಪ್ಪಿರಲಿಕ್ಕಿಲ್ಲ. ಕೋವಿಡ್ ಸಾವನ್ನು ದಾಖಲಿಸುವಾಗ ರೋಗಿಗೆ ಇದ್ದ ಕಾಯಿಲೆಗಳನ್ನು ಬರೆಯುತ್ತಾರೆ. ಸಿಲಿಂಡರ್ ಖಾಲಿಯಾಗಿತ್ತು ಎಂಬುದು ಕಾಯಿಲೆಯ ಹೆಸರಲ್ಲ. ದಾಖಲಿಸಲು ಜಾಗವೇ ಇಲ್ಲದ ಕಾರಣವನ್ನು ಯಾರೂ ವರದಿ ಮಾಡುವುದಿಲ್ಲ, ವರದಿಯಾಗದ ಕಾರಣಕ್ಕೆ ಯಾರೂ ಹೊಣೆಯಾಗುವುದಿಲ್ಲ. ಕೇಂದ್ರವು ರಾಜ್ಯದ ಕಡೆ ಕೈ ತೋರಿಸಿತು, ರಾಜ್ಯಗಳು ತಾವು ಕಳಿಸಿದ ನಮೂನೆಯ ಕಡೆ ಕೈ ತೋರಿಸಿದವು.

ನಿವೃತ್ತ ಕಂದಾಯ ನೌಕರ, ತುಮಕೂರು:

ಮೇಡಂ ಅವರು ಹೇಳಿದ್ದು ಮೇಲಿನ ಮಟ್ಟದ ಮಾತು. ಅದು ತಾಲ್ಲೂಕು ಕಚೇರಿಯಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ನನ್ನ ಸೇವಾವಧಿಯ ತಿಳಿವಳಿಕೆಯಿಂದ ಹೇಳುತ್ತೇನೆ.

ಮೇಲಿನಿಂದ ಬರುವ ಪತ್ರಗಳಲ್ಲಿ ಇಂಥದ್ದನ್ನು ಹೀಗೆ ಮಾಡಿ ಎಂಬ ಖಚಿತವಾದ ಆದೇಶ ಅಪರೂಪ. ಪರಿಶೀಲಿಸಿ ನಿಯಮಾನುಸಾರ ಕ್ರಮ ಕೈಗೊಳ್ಳುವಂತೆ ತಿಳಿಸುತ್ತಾರೆ. ಕೆಲಸ ಸರಿಹೋದರೆ ಅದು ಮೇಲಿನವರ ಮಾರ್ಗದರ್ಶನ. ಕೆಟ್ಟರೆ ಕೆಳಗಿನವನು ನಿಯಮಾನುಸಾರ ನಡೆದುಕೊಂಡಿಲ್ಲ. ನಿಯಮವೇ ತಪ್ಪಾಗಿದ್ದರೆ ಏನು ಮಾಡಬೇಕು ಎಂದು ಕೇಳುವ ಅವಕಾಶ ದ್ವಿತೀಯ ದರ್ಜೆ ಸಹಾಯಕನಿಗೂ ಇಲ್ಲ, ತಹಶೀಲ್ದಾರರಿಗೂ ಇಲ್ಲ.

ರೈತ ಆತ್ಮಹತ್ಯೆ ಪ್ರಕರಣಗಳನ್ನು ತೆಗೆದುಕೊಳ್ಳಿ. ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ಸಮಿತಿಯು ಪ್ರತಿ ಪ್ರಕರಣವನ್ನು ನೋಡಿ, ಇದು ಪರಿಹಾರಕ್ಕೆ ಅರ್ಹವೋ ಅಲ್ಲವೋ ಎಂದು ತೀರ್ಮಾನಿಸುತ್ತದೆ. 2015ರಲ್ಲಿ ಪರಿಹಾರವನ್ನು 5 ಲಕ್ಷ ರೂಪಾಯಿಗೆ ಏರಿಸಿದ್ದು ಒಳ್ಳೆಯ ಕೆಲಸ, ಅದನ್ನು ಮೆಚ್ಚಲೇಬೇಕು. ಆದರೆ ಜಮೀನು ಮಾವನ ಹೆಸರಿನಲ್ಲಿದ್ದು ಸೊಸೆ ಬೇಸಾಯ ಮಾಡುತ್ತಿದ್ದರೆ, ಗುತ್ತಿಗೆಗೆ ಮಾಡಿದ ಬೇಸಾಯವಾಗಿದ್ದರೆ, ಸಾಲ ಊರಿನ ಬಡ್ಡಿ ವ್ಯಾಪಾರಿಯ ಹತ್ತಿರ ಬಾಯಿಮಾತಿನಲ್ಲಿ ಆಗಿದ್ದರೆ, ಕಾಗದ ಹೊಂದಿಸುವುದೇ ಕಷ್ಟ. ಕಾಗದ ಹೊಂದದಿದ್ದರೆ ಪ್ರಕರಣ ತಿರಸ್ಕೃತ. ತಿರಸ್ಕೃತವಾದ ಸಾವು ಕೃಷಿ ನೀತಿಯ ಲೆಕ್ಕದಿಂದಲೇ ಹೊರಗೆ ಹೋಗುತ್ತದೆ. ಬೆಲೆ ಕುಸಿತ, ಬೆಳೆ ವಿಮೆ, ಬ್ಯಾಂಕ್ ಸಾಲ, ಇವುಗಳ ಬಗ್ಗೆ ಬೆಂಗಳೂರಿನಲ್ಲೋ ದೆಹಲಿಯಲ್ಲೋ ಮಾಡಿದ ತೀರ್ಮಾನಗಳು ಆ ಸಮಿತಿಯ ಮುಂದೆ ಬರುವುದೇ ಇಲ್ಲ. ಸಮಿತಿ ನೋಡುವುದು ಸತ್ತವನ ಪಹಣಿ ಮತ್ತು ಸಾಲದ ಪತ್ರವನ್ನು ಮಾತ್ರ.

ಇನ್ನೊಂದು ಮಾತು. ಸರ್ಕಾರಿ ಸೇವೆಗಳಿಗೆ ಕಾಲಮಿತಿ ಹಾಕುವ 2011ರ ಸಕಾಲ ಕಾಯ್ದೆಯಡಿ ಜಾತಿ ಪ್ರಮಾಣಪತ್ರವೋ ಪಹಣಿ ತಿದ್ದುಪಡಿಯೋ ತಡವಾದರೆ, ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಸಂಬಂಧಪಟ್ಟ ನೌಕರನ ಮೇಲೆಯೇ ಹೊರಿಸುವ ಅವಕಾಶವಿದೆ. ಒಂದು ಪ್ರಮಾಣಪತ್ರ ತಡವಾದರೆ ಹೊಣೆ ಯಾರದೆಂದು ಕಾನೂನು ಬೆರಳಿಟ್ಟು ತೋರಿಸುತ್ತದೆ. ಸಾವಿರಾರು ಕೋಟಿಯ ಯೋಜನೆ ದಶಕ ತಡವಾದರೆ ಅಂತಹ ಬೆರಳು ಎಲ್ಲಿಯೂ ಇಲ್ಲ. ಪಶ್ಚಿಮ ಘಟ್ಟದ ನೀರನ್ನು ಬಯಲುಸೀಮೆಗೆ ತರುವ ಎತ್ತಿನಹೊಳೆ ಯೋಜನೆಯ ಅಂದಾಜು 2012ರಲ್ಲಿ 8,323 ಕೋಟಿ ಇದ್ದದ್ದು ಆಮೇಲೆ 12,912 ಕೋಟಿಯಾಗಿ, 2023ರಲ್ಲಿ 23,251 ಕೋಟಿ ಮುಟ್ಟಿತು. ಈ ಏರಿಕೆಗೆ ಕಾರಣಗಳಿವೆ, ಅವು ಕಡತದಲ್ಲಿಯೂ ಇವೆ. ಕಾರಣಗಳ ಪಕ್ಕದಲ್ಲಿ ಹೊಣೆಗಾರರ ಹೆಸರಿಲ್ಲ.

ಗುಡಿಬಂಡೆ ನಿವಾಸಿ:

ಹಿರಿಯರ ಮಾತಿಗೆ ನಮ್ಮ ಕಡೆಯ ಒಂದು ಸಂಗತಿ ಸೇರಿಸುತ್ತೇನೆ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ ಸ್ಫೋಟಕಗಳು ಸಿಡಿದು ಜನ ಸತ್ತಾಗ, ಅಕ್ರಮ ಕ್ವಾರಿಗಳ ಮೇಲೆ ಕಟ್ಟುನಿಟ್ಟಿನ ಕ್ರಮದ ಭರವಸೆ ಬಂತು. ಒಂದು ತಿಂಗಳು ಕಳೆದಿತ್ತಷ್ಟೇ, ಫೆಬ್ರವರಿ 23ರಂದು ನಮ್ಮ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸ್ಫೋಟಗೊಂಡು ಆರು ಮಂದಿ ಪ್ರಾಣ ಕಳೆದುಕೊಂಡರು. ಸ್ಥಳೀಯ ಪೊಲೀಸ್ ಅಧಿಕಾರಿಗಳು ಅಮಾನತಾದರು, ಕ್ವಾರಿಗೆ ಸಂಬಂಧಿಸಿದವರ ಬಂಧನವಾಯಿತು. ಆಗಬೇಕಾದದ್ದೇ. ಆದರೆ ಬೆಂಗಳೂರಿನ ಕಟ್ಟಡ, ರಸ್ತೆಗಳಿಗೆ ಬೇಕಾದ ಜಲ್ಲಿ ಮತ್ತು ಎಂ ಸ್ಯಾಂಡ್ ಚಿಕ್ಕಬಳ್ಳಾಪುರದ ಬೆಟ್ಟಗಳಿಂದಲೇ ಹೋಗಲಿ ಎಂದು ಪರವಾನಗಿಗಳನ್ನು ಕೊಡುತ್ತಾ ಬಂದ ನೀತಿಯ ಬಗ್ಗೆ, ತಪಾಸಣೆಗೆ ಬೇಕಾದಷ್ಟು ಸಿಬ್ಬಂದಿಯನ್ನು ಕೊಟ್ಟಿದ್ದರೇ ಎಂಬುದರ ಬಗ್ಗೆ, ಆ ಅಮಾನತಿನ ಆಚೆಗೆ ಯಾವ ಚರ್ಚೆಯೂ ನಮ್ಮೂರಿನವರೆಗೆ ಬರಲಿಲ್ಲ.

ಟೊಮೆಟೊ ಬೆಳೆಗಾರ, ಕೋಲಾರ ತಾಲ್ಲೂಕು:

ನನ್ನ ಅಭಿಪ್ರಾಯ ಬೇರೆ ಇದೆ, ದಯವಿಟ್ಟು ಬೇಸರಿಸಬಾರದು. 1,200 ಅಡಿ ಕೊರೆಸಿದರೂ ಬರೀ ದೂಳು ಎದ್ದ ಜಮೀನು ನನ್ನದು. ಶಾಶ್ವತ ನೀರಾವರಿ ಬೇಕೆಂದು ಈ ಬಯಲುಸೀಮೆಯ ಜನ ದಶಕಗಳ ಕಾಲ ಧರಣಿ ಕೂತರು, ಪಾದಯಾತ್ರೆ ಮಾಡಿದರು. ಯಾವುದೋ ಒಂದು ಸರ್ಕಾರ ಧೈರ್ಯ ಮಾಡಿ ನೀರು ಕೊಟ್ಟಿತು. ಈಗ ನೀರು ಬಂದ ಮೇಲೆ, ಮುಂದೆ ಆಗಬಹುದಾದ ಪ್ರತಿ ಕೆಡುಕಿಗೂ ಹೆಸರು ಬರೆದುಕೊಡಿ ಎಂದು ಕೇಳಿದರೆ, ನಾಳೆ ಯಾವ ಅಧಿಕಾರಿಯೂ ಯಾವ ಕಡತಕ್ಕೂ ಸಹಿ ಹಾಕುವುದಿಲ್ಲ. ಈಗಲೇ ಲೋಕಾಯುಕ್ತ, ಲೆಕ್ಕಪರಿಶೋಧನೆ, ನ್ಯಾಯಾಲಯಗಳ ಭಯಕ್ಕೆ ಕಡತಗಳು ಮೇಜಿನಿಂದ ಮೇಜಿಗೆ ಅಲೆಯುತ್ತಿವೆ. ಏನೂ ಮಾಡದೆ ಕುಳಿತ ಸರ್ಕಾರವನ್ನು ಯಾರೂ ದೂರುವುದಿಲ್ಲ, ಮಾಡಿದವರನ್ನು ಮಾತ್ರ ದೂರುತ್ತೇವೆ ಎಂದಾದರೆ ನಮ್ಮಂಥ ಒಣ ಜಿಲ್ಲೆಗಳೇ ಮೊದಲು ಸಾಯುವುದು. ಸರ್ಕಾರದ ನಿರ್ಧಾರ ತಪ್ಪೆನಿಸಿದರೆ ಐದು ವರ್ಷಕ್ಕೊಮ್ಮೆ ಮತಪೆಟ್ಟಿಗೆ ಇದೆಯಲ್ಲ.

ನರಸಾಪುರ ಹೋಬಳಿ ರೈತ:

ಅಣ್ಣ, ನಿಮ್ಮ ಮಾತಿನಲ್ಲಿ ಬಹುಪಾಲು ಒಪ್ಪುವಂಥದ್ದೇ ಇದೆ. ಏನೂ ಮಾಡದಿರುವುದೂ ಒಂದು ನಿರ್ಧಾರವೇ, ಅದಕ್ಕೂ ಹೊಣೆ ಇರಬೇಕು ಎಂಬುದನ್ನು ನಾನು ಸೇರಿಸಿಯೇ ಹೇಳುತ್ತೇನೆ. ಯಾರಿಗೂ ಊಹಿಸಲಾಗದ ಕೆಡುಕಿಗೆ ಯಾರನ್ನೂ ದೂರಬಾರದು. ಆದರೆ ಎರಡನೇ ಹಂತದ ನಂತರವೂ ನೀರಿನಲ್ಲಿ ಉಳಿಯುವ ಕಲ್ಮಶ ತೆಗೆಯುವ ಮೂರನೇ ಹಂತದ ಸಂಸ್ಕರಣೆ ಬೇಕೆಂದು ಹೋರಾಟಗಾರರು ಮೊದಲಿನಿಂದಲೂ ಬರೆದು ಕೊಟ್ಟಿದ್ದಾರೆ, ನ್ಯಾಯಾಲಯದ ಮೆಟ್ಟಿಲೂ ಹತ್ತಿದ್ದಾರೆ. ಲಿಖಿತ ಎಚ್ಚರಿಕೆ ಕೈಯಲ್ಲಿದ್ದೂ, ಅದನ್ನು ಯಾವ ಕಾರಣಕ್ಕೆ ಬದಿಗಿಟ್ಟೆವು ಎಂದು ಹೇಳದೆ ಮುಂದುವರಿದರೆ, ಆ ಮೌನಕ್ಕೆ ಹೊಣೆಗಾರರು ಬೇಡವೇ? ಹಣ ಸಾಲದು ಎಂಬುದೇ ಕಾರಣವಾಗಿದ್ದರೆ ಹಾಗೆಂದೇ ಬರೆಯಲಿ. ನಾವೂ ಬಡತನ ಕಂಡವರು, ಅರ್ಥ ಮಾಡಿಕೊಳ್ಳುತ್ತೇವೆ.

ಚಿಂತಾಮಣಿ ಉಪನ್ಯಾಸಕಿ:

ಮತಪೆಟ್ಟಿಗೆಯ ಬಗ್ಗೆ ಒಂದು ಮಾತು. ಕೆ.ಸಿ. ವ್ಯಾಲಿಗೆ ಚಾಲನೆ ಸಿಕ್ಕಿದ್ದು ಸಿದ್ದರಾಮಯ್ಯನವರ ಮೊದಲ ಅವಧಿಯಲ್ಲಿ. ನೀರು ಬಂದಾಗ ಕುಮಾರಸ್ವಾಮಿಯವರ ಸಮ್ಮಿಶ್ರ ಸರ್ಕಾರವಿತ್ತು. ಆಮೇಲೆ ಯಡಿಯೂರಪ್ಪನವರು, ಬೊಮ್ಮಾಯಿಯವರು, 2023ರಿಂದ ಮತ್ತೆ ಸಿದ್ದರಾಮಯ್ಯನವರು ಬಂದರು. ಮೂರು ಪಕ್ಷಗಳೂ ಈ ಯೋಜನೆಯ ಕಾಲದಲ್ಲಿ ಅಧಿಕಾರದಲ್ಲಿ ಇದ್ದವು. ನೀರಿನ ಗುಣಮಟ್ಟದ ಬಗ್ಗೆ ಅಸಮಾಧಾನವಿರುವ ಮತದಾರ ಯಾವ ಗುಂಡಿ ಒತ್ತಬೇಕು? ಪಕ್ಷಕ್ಕೆ ಹಾಕುವ ಒಂದು ಮತದಲ್ಲಿ ಗ್ಯಾರಂಟಿ, ಜಾತಿ, ಅಭ್ಯರ್ಥಿ, ರಸ್ತೆ, ಪಿಂಚಣಿ ಎಲ್ಲವೂ ಅಡಗಿರುತ್ತವೆ. ಒಂದು ಯೋಜನೆಯ ಒಂದು ಪರಿಣಾಮದ ಬಗೆಗಿನ ತೀರ್ಪನ್ನು ಅದರಿಂದ ಹೊರತೆಗೆಯಲು ಸಾಧ್ಯವಿಲ್ಲ.

ಶಿರಾ ಕೃಷಿಕ:

ಕಾಲವೇ ಎಲ್ಲಕ್ಕಿಂತ ದೊಡ್ಡ ರಕ್ಷಣೆ ಎನ್ನುವುದಕ್ಕೆ ನೀಲಗಿರಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಇದರ ಬಗ್ಗೆ ನಾನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಈಗಿನ ಹುಡುಗರಿಗೆ ಇದು ಗೊತ್ತಿಲ್ಲ.

1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಬಂತು. ಹಳ್ಳಿಯವರಿಗೆ ಸೌದೆ, ಮೇವು, ಹಸಿರು ಸಿಗಬೇಕೆಂಬುದು ಹೇಳಿದ ಉದ್ದೇಶ. ನರ್ಸರಿಗಳಲ್ಲಿ ಎದ್ದು ನಿಂತದ್ದು ಹೆಚ್ಚಾಗಿ ನೀಲಗಿರಿ. ಕೋಲಾರ ಜಿಲ್ಲೆಯಲ್ಲಂತೂ ರಾಗಿ ಬೆಳೆಯುತ್ತಿದ್ದ ಹೊಲಗಳೇ ನೀಲಗಿರಿ ತೋಪುಗಳಾದವು. ಬಿತ್ತನೆಯ ಗೊಡವೆ ಇಲ್ಲ, ಕೂಲಿಯ ಗೊಡವೆ ಇಲ್ಲ, ದನ ಬಾಯಿ ಹಾಕುವುದಿಲ್ಲ, ಕೆಲವು ವರ್ಷಕ್ಕೊಮ್ಮೆ ಕಡಿದರೆ ಕೈಗೆ ದುಡ್ಡು. ರೈತ ಒಪ್ಪಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಕೆಲಸ ಹೋಯಿತು, ಮನೆಗೆ ರಾಗಿ ಹುಲ್ಲು ಹೋಯಿತು, ದನ ಕಟ್ಟುವುದು ಕಷ್ಟವಾಯಿತು. ಎಚ್ಚರಿಕೆ ಕೊಟ್ಟವರು ಇರಲಿಲ್ಲವೆಂದಲ್ಲ. 1983ರಲ್ಲಿಯೇ ನಮ್ಮ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಬಿತ್ತಿದರು. ಅಂದು ಅವರನ್ನು ಕಂಡದ್ದು ಕಾನೂನು ಮುರಿದವರೆಂದು.

2017ರಲ್ಲಿ ಅಂತರ್ಜಲಕ್ಕೆ ಹಾನಿ ಎಂಬ ಕಾರಣಕ್ಕೆ ರಾಜ್ಯ ಸರ್ಕಾರವೇ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಸಸಿ ಕಿತ್ತವರು ಹೇಳಿದ್ದನ್ನೇ 34 ವರ್ಷಗಳ ಮೇಲೆ ಸರ್ಕಾರ ಆದೇಶವಾಗಿ ಹೊರಡಿಸಿದಂತಾಯಿತು. ಅಷ್ಟರಲ್ಲಿ ಯೋಜನೆಗೆ ಸಹಿ ಹಾಕಿದವರು ನಿವೃತ್ತರಾಗಿದ್ದರು, ಹಲವರು ತೀರಿಹೋಗಿದ್ದರು, ಸಾಲದ ಕಡತ ಮುಗಿದಿತ್ತು. ಆದೇಶ ಮುಂದಿನ ಬಗ್ಗೆ ಮಾತನಾಡಿತು, ಹಿಂದಿನದರ ಬಗ್ಗೆ ಏನೂ ಹೇಳಲಿಲ್ಲ. ನಮ್ಮೂರಿನಲ್ಲಿ ತೋಪು ಕಡಿದ ಮೇಲೆ ಬುಡ ಕೀಳಿಸಲು ತಂದ ಜೆಸಿಬಿಯ ಬಾಡಿಗೆ ರೈತರ ಕೈಯಿಂದಲೇ ಹೋಯಿತು. ಎಷ್ಟು ಅಗೆದರೂ ಉಳಿದ ಬುಡದಿಂದ ಮತ್ತೆ ಚಿಗುರು ಬರುತ್ತದೆ. ಒಂದು ನೀತಿಯ ಫಲವನ್ನು ಅದನ್ನು ಮಾಡಿದವರಲ್ಲ, ಅವರ ಮೊಮ್ಮಕ್ಕಳ ವಯಸ್ಸಿನವರು ಅಗೆದು ತೆಗೆಯುತ್ತಿದ್ದಾರೆ.

ಚಾಂಪಿಯನ್ ರೀಫ್ಸ್ ನಿವಾಸಿ, ಕೆಜಿಎಫ್:

ನಮ್ಮ ಊರಿನ ಕಥೆಯಲ್ಲಿ ಕಾಲವೂ ಇದೆ, ಎರಡು ಸರ್ಕಾರಗಳೂ ಇವೆ. 1880ರಿಂದ ಜಾನ್ ಟೇಲರ್ ಕಂಪನಿ ನಡೆಸಿದ ಚಿನ್ನದ ಗಣಿಗಳನ್ನು 1956ರಲ್ಲಿ ಮೈಸೂರು ರಾಜ್ಯ ವಹಿಸಿಕೊಂಡಿತು, 1962ರಲ್ಲಿ ಕೇಂದ್ರಕ್ಕೆ ಹೋಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿಯಾಯಿತು. 2001ರ ಮಾರ್ಚ್ 1ರಿಂದ ಬಾಗಿಲು ಮುಚ್ಚಿತು. ನಷ್ಟದ ಕಂಪನಿ ಎಂಬುದು ಕಾರಣ. ನಷ್ಟ ಇದ್ದದ್ದು ನಿಜ. ಆದರೆ ಗಣಿ ಮುಚ್ಚುವುದೆಂದರೆ ಒಂದು ಪಟ್ಟಣದ ನೀರು, ವಿದ್ಯುತ್, ಆಸ್ಪತ್ರೆ, ಶಾಲೆ, ಎಲ್ಲವನ್ನೂ ಒಟ್ಟಿಗೆ ಮುಚ್ಚುವುದು ಎಂದು ತಿಳಿದೂ, ಅದರ ನಂತರದ ವ್ಯವಸ್ಥೆ ಯಾರದು ಎಂಬುದನ್ನು ತೀರ್ಮಾನಿಸದೆ ಮುಚ್ಚಿದರು.

ಗಾಳಿಗಾಲದಲ್ಲಿ ಸೈನೈಡ್ ದಿಬ್ಬಗಳಿಂದ, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿಗಳಿಂದ, ಏಳುವ ಬಿಳಿ ದೂಳು ಬಾಗಿಲು ಕಿಟಕಿ ಹಾಕಿದರೂ ಒಳಗೆ ಬರುತ್ತದೆ. ಒಗೆದು ಒಣಹಾಕಿದ ಬಟ್ಟೆಯನ್ನು ಕೊಡವಿದರೆ ನೆಲದ ಮೇಲೆ ಬೀಳುತ್ತದೆ. ಮಕ್ಕಳ ಕೆಮ್ಮಿನ ಬಗ್ಗೆ ಕೇಳಿದರೆ, ಜಾಗ ಕೇಂದ್ರದ ಕಂಪನಿಯದು ಎನ್ನುತ್ತಾರೆ ಇಲ್ಲಿನವರು. ಸ್ಥಳೀಯ ಆಡಳಿತವನ್ನು ಕೇಳಿ ಎನ್ನುತ್ತಾರೆ ಅಲ್ಲಿನವರು. 2024ರ ಜೂನ್‌ನಲ್ಲಿ ಆ 13 ದಿಬ್ಬಗಳನ್ನು ಮತ್ತೆ ಸಂಸ್ಕರಿಸಿ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಾಗ, ಎರಡೂ ಸರ್ಕಾರಗಳಿಗೆ ದಿಬ್ಬದ ಒಡೆತನ, ಅದರ ವಿಸ್ತೀರ್ಣ, ಅದರಲ್ಲಿರುವ ಚಿನ್ನ ಎಲ್ಲವೂ ಖಚಿತವಾಗಿ ಗೊತ್ತಿತ್ತು. ಚಿನ್ನದ ಒಡೆಯರು ಯಾರೆಂದು ಗೊತ್ತಿರುವವರಿಗೆ ದೂಳಿನ ಒಡೆಯರು ಯಾರೆಂದೂ ಗೊತ್ತಿರಬೇಕು ಎಂದು ನಾನು ನಂಬುತ್ತೇನೆ.

ಪಾವಗಡದವನು:

ನಾನು ಎರಡೇ ಮಾತು ಬರೆಯುತ್ತೇನೆ. ನಮ್ಮಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಬಂತು, ಸುಮಾರು 13,000 ಎಕರೆ. ಜಮೀನು ಕಸಿಯದೆ ಗುತ್ತಿಗೆಗೆ ಪಡೆದು, ಎಕರೆಗೆ ವರ್ಷಕ್ಕೆ 21,000 ರೂಪಾಯಿ ಕೊಟ್ಟು, ಕಾಲಕಾಲಕ್ಕೆ ಏರಿಸುವ ಒಪ್ಪಂದ ಮಾಡಿದ್ದು ದೇಶಕ್ಕೇ ಮಾದರಿ ಎಂದರು. ಜಮೀನು ಇದ್ದವರ ಮಟ್ಟಿಗೆ ಅದು ನ್ಯಾಯವೇ. ಆ ಹೊಲಗಳಲ್ಲಿ ಕಳೆ ಕಿತ್ತು, ಶೇಂಗಾ ಬಿಡಿಸಿ ಬದುಕುತ್ತಿದ್ದವರ, ಕುರಿ ಮೇಯಿಸುತ್ತಿದ್ದವರ ಹೆಸರು ಪಹಣಿಯಲ್ಲಿ ಇರಲಿಲ್ಲ. ಪಹಣಿಯಲ್ಲಿ ಇಲ್ಲದವರಿಗೆ ನಷ್ಟವಾಯಿತು ಎಂದು ಬರೆಯುವ ಪುಸ್ತಕ ಯಾವ ಕಚೇರಿಯಲ್ಲಿಯೂ ಇಲ್ಲ. ಹಿರಿಯರು ಹೇಳಿದ ಆತ್ಮಹತ್ಯೆಯ ಸಮಿತಿ, ಮೇಡಂ ಹೇಳಿದ ಆಮ್ಲಜನಕದ ಸಾವು, ಮೊದಲ ಪತ್ರದ ಭಾರಲೋಹದ ಕಾಲಂ, ಎಲ್ಲವೂ ನನಗೆ ಒಂದೇ ತರಹ ಕಾಣುತ್ತಿವೆ. ಪರಿಣಾಮವನ್ನು ಅಳೆಯುವವರು ಯಾರು, ಏನನ್ನು ಅಳೆಯಬೇಕು ಎಂಬುದನ್ನು ಯೋಜನೆ ಮಾಡಿದವರೇ ಮೊದಲು ನಿರ್ಧರಿಸಿಬಿಟ್ಟಿರುತ್ತಾರೆ.

ಮಧುಗಿರಿ ವಕೀಲ:

ಪಾವಗಡದ ಮಿತ್ರರು ಗಂಟಿನ ಜಾಗವನ್ನು ಸರಿಯಾಗಿ ತೋರಿಸಿದ್ದಾರೆ. ಬರದ ವಿಷಯದಲ್ಲಿಯೂ ಇದೇ ಆಗುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ರಾಜ್ಯ ಕೇಂದ್ರದಿಂದ 18,171 ಕೋಟಿ ಕೇಳಿತು. ಹಣ ಬಾರದೆ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು, ಏಪ್ರಿಲ್‌ನಲ್ಲಿ 3,454 ಕೋಟಿ ಬಿಡುಗಡೆಯಾಯಿತು. ಕೇಂದ್ರ 2016ರ ಬರ ಕೈಪಿಡಿಯ ಮಾನದಂಡಗಳನ್ನು ತೋರಿಸುತ್ತದೆ, ರಾಜ್ಯ ಕೇಂದ್ರವನ್ನು ತೋರಿಸುತ್ತದೆ. ಮುಂಗಾರು ಕೈಕೊಟ್ಟ ರೈತನಿಗೆ ಮುಂದಿನ ಬೇಸಿಗೆಯವರೆಗೂ ಇಬ್ಬರೂ ಸರಿ ಹೇಳುತ್ತಿರುವಂತೆಯೇ ಕಾಣುತ್ತಾರೆ.

ಈಗ ಮಾಡಬಹುದಾದದ್ದರ ಬಗ್ಗೆ. ತನಿಖಾ ಆಯೋಗಗಳ ಮೇಲೆ ನಾನು ಹೆಚ್ಚಿನ ಭರವಸೆ ಇಡುವುದಿಲ್ಲ. 1952ರ ಕಾಯ್ದೆಯ ಪ್ರಕಾರ ವರದಿ ಬಂದ ಆರು ತಿಂಗಳೊಳಗೆ, ಕೈಗೊಂಡ ಕ್ರಮದ ವಿವರಣೆಯೊಂದಿಗೆ ಅದನ್ನು ಸದನದ ಮುಂದಿಡಬೇಕು. ಆದರೆ ಆಯೋಗ ವರದಿ ಕೊಡುವುದಕ್ಕೇ ವರ್ಷಗಳು ಹಿಡಿಯುತ್ತವೆ, ಅಷ್ಟರಲ್ಲಿ ಜನರ ಕೋಪ ತಣ್ಣಗಾಗಿರುತ್ತದೆ.

ನಮ್ಮ ಕೈಯಲ್ಲಿರುವ ಹೆಚ್ಚು ಉಪಯುಕ್ತವಾದ ಸಾಧನವೆಂದರೆ ಮಾಹಿತಿ ಹಕ್ಕು ಅಧಿನಿಯಮ 2005ರ ಕಲಂ 4(1)ರ (ಸಿ) ಮತ್ತು (ಡಿ). ಜನರನ್ನು ಬಾಧಿಸುವ ಮಹತ್ವದ ನೀತಿಗಳನ್ನು ರೂಪಿಸುವಾಗ ಎಲ್ಲ ಪ್ರಸ್ತುತ ಸಂಗತಿಗಳನ್ನು ಪ್ರಕಟಿಸಬೇಕು ಎನ್ನುತ್ತದೆ ಮೊದಲನೆಯದು. ಆಡಳಿತಾತ್ಮಕ ನಿರ್ಧಾರಕ್ಕೆ ಕಾರಣಗಳನ್ನು ಬಾಧಿತರಿಗೆ ಒದಗಿಸಬೇಕು ಎನ್ನುತ್ತದೆ ಎರಡನೆಯದು. ನಾವು ಸಾಮಾನ್ಯವಾಗಿ ಬಿಲ್ಲು, ಅಳತೆ ಪುಸ್ತಕ, ಟೆಂಡರ್ ಪ್ರತಿಗಳನ್ನು ಕೇಳುತ್ತೇವೆ. ಕಾರಣಗಳನ್ನು ಕೇಳುವವರು ಬಹಳ ಕಡಿಮೆ. ಇಂತಹ ಎಚ್ಚರಿಕೆ ಬಂದಾಗ ಕಡತದಲ್ಲಿ ಯಾರು ಏನು ಟಿಪ್ಪಣಿ ಬರೆದರು, ಯಾವ ಕಾರಣಕ್ಕೆ ಕೈಬಿಟ್ಟರು ಎಂಬುದರ ಪ್ರತಿಯನ್ನು ಕೇಳಿ. ಕಡತದ ಟಿಪ್ಪಣಿಗಳಲ್ಲಿ ಹುದ್ದೆಯೂ ದಿನಾಂಕವೂ ಸಹಿಯೂ ಇರುತ್ತವೆ.

ನಿವೃತ್ತ ಕಂದಾಯ ನೌಕರ, ತುಮಕೂರು:

ವಕೀಲರ ಸಲಹೆ ಒಳ್ಳೆಯದು. ಅರ್ಜಿ ಹಾಕುವವರು ಎರಡು ಎಚ್ಚರ ವಹಿಸಬೇಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದ ಮೀರದಂತಿರಬೇಕು, ಇಲ್ಲವಾದರೆ ಅದೊಂದೇ ನೆಪಕ್ಕೆ ವಾಪಸ್ ಬರುತ್ತದೆ. ಇನ್ನೊಂದು, ತಮ್ಮಲ್ಲಿ ಮಾಹಿತಿ ಇಲ್ಲದಿದ್ದರೆ ಕಲಂ 6(3)ರ ಪ್ರಕಾರ ಐದು ದಿನಗಳೊಳಗೆ ಸರಿಯಾದ ಕಚೇರಿಗೆ ಅವರೇ ವರ್ಗಾಯಿಸಬೇಕು. ಹಾಗೆ ವರ್ಗಾಯಿಸಿದ ಪತ್ರಗಳನ್ನು ಎಸೆಯಬೇಡಿ. ಒಂದು ಪ್ರಶ್ನೆ ಎಷ್ಟು ಕಚೇರಿ ಸುತ್ತಿತು ಎಂಬುದಕ್ಕೆ ಆ ಪತ್ರಗಳೇ ಸಾಕ್ಷಿ, ಮೇಲ್ಮನವಿಯಲ್ಲಿ ಅವು ಬಹಳ ಕೆಲಸಕ್ಕೆ ಬರುತ್ತವೆ.

ನರಸಾಪುರ ಹೋಬಳಿ ರೈತ:

ಎಲ್ಲರಿಗೂ ಋಣಿ. ನಿಮ್ಮ ಮಾತುಗಳನ್ನು ಓದಿ ಅರ್ಜಿಯ ಕರಡು ಮಾಡಿದ್ದೇನೆ. ನಮ್ಮ ಕೆರೆಗೆ ನೀರು ಹರಿಯಲು ಆರಂಭವಾದ ಮೇಲೆ ಕೆರೆಯ ನೀರನ್ನು ಮತ್ತು ಅದರ ಅಚ್ಚುಕಟ್ಟಿನ ಕೊಳವೆಬಾವಿಗಳ ನೀರನ್ನು ಯಾವ ಹುದ್ದೆಯ ಅಧಿಕಾರಿ, ಯಾವ ದಿನಾಂಕಗಳಂದು, ಯಾವ ಯಾವ ಅಂಶಗಳಿಗೆ ಪರೀಕ್ಷಿಸಿದ್ದಾರೆ ಎಂಬ ವರದಿಗಳ ಪ್ರತಿ ಕೊಡಿ ಎಂದು ಮೊದಲು ಕೇಳಿದ್ದೇನೆ. ಭಾರಲೋಹಗಳ ಪರೀಕ್ಷೆ ಮಾಡಿಲ್ಲವಾದರೆ, ಬೇಡವೆಂದು ತೀರ್ಮಾನಿಸಿದ ಟಿಪ್ಪಣಿಯ ಪ್ರತಿ ಕೇಳಿದ್ದೇನೆ. ಮೂರನೇ ಹಂತದ ಸಂಸ್ಕರಣೆಯ ಕಾರಣಗಳನ್ನು ಬೇರೆ ಅರ್ಜಿಯಲ್ಲಿ ಕೇಳುತ್ತೇನೆ. ಇದನ್ನೇ ಮುಂದಿನ ಗ್ರಾಮಸಭೆಯಲ್ಲಿ ಓದಿ ನಡಾವಳಿ ಪುಸ್ತಕದಲ್ಲಿ ಬರೆಸುವ ಉದ್ದೇಶವಿದೆ. ಊರಿನವರ ಸಹಿ ಹಾಕಿಸುತ್ತಿದ್ದೇನೆ. ಬೇರೆ ಕೆರೆಯವರು ಹೆಸರು, ಸರ್ವೆ ನಂಬರ್ ಬದಲಿಸಿಕೊಂಡು ಹಾಕಬಹುದು.

ಟೊಮೆಟೊ ಬೆಳೆಗಾರ, ಕೋಲಾರ ತಾಲ್ಲೂಕು:

ನೀರು ಬಂದ ಮೇಲೆ ಅಂತರ್ಜಲ ಎಷ್ಟು ಅಡಿ ಮೇಲೆ ಬಂತು ಎಂಬ ಅಳತೆಯನ್ನೂ ಕೇಳಿ. ಒಳಿತನ್ನು ಬಿಟ್ಟು ಕೆಡುಕನ್ನು ಮಾತ್ರ ಕೇಳುವ ಅರ್ಜಿಗೆ ನಾನು ಸಹಿ ಹಾಕುವುದಿಲ್ಲ. ಎರಡನ್ನೂ ಕೇಳಿದರೆ ನಮ್ಮ ಊರಿನಿಂದಲೂ ಇದೇ ಅರ್ಜಿ ಹೋಗುತ್ತದೆ.

ನರಸಾಪುರ ಹೋಬಳಿ ರೈತ:

ಅದು ಬೇರೆ ವಿಷಯ ಎಂದು ವಾಪಸ್ ಕಳಿಸಬಾರದು ನೋಡಿ ಅಣ್ಣ, ಅದಕ್ಕೆ ಪ್ರತ್ಯೇಕ ಅರ್ಜಿಯನ್ನೇ ಬರೆದಿದ್ದೇನೆ. ನೀರು ಬರುವ ಮುನ್ನ ಮತ್ತು ಬಂದ ನಂತರದ ಅಂತರ್ಜಲ ಮಟ್ಟದ ದಾಖಲೆಗಳನ್ನು ವರ್ಷವಾರು ಕೇಳಿದೆ. ಮೂರೂ ಅರ್ಜಿಗಳನ್ನು ಒಂದೇ ದಿನ ಕೊಡುತ್ತೇನೆ. ನಿಮ್ಮ ಊರಿನ ಕೆರೆಯ ಹೆಸರು ಕಳಿಸಿ.